ಹಳೇ ಹೆಡ್ ಬೋಲ್ಟನ್ನೇ ತಿರುಗಿ ಹಾಕೋದು ಮೊದ್ಲು ನಿಲ್ಲಲಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪೇಪರಿನ ವಾಹನ ಪುಟದಲ್ಲಿ ಇಂಜಿನ್ ರೀಬಿಲ್ಡ್ ಬಗ್ಗೆ ಬಂದಿದ್ದನ್ನ ಓದಿದೆ. ಇಂಜಿನ್‌ನ ಮೇಲಿನ ಭಾಗವಾದ ಹೆಡ್ಡನ್ನ ಕೆಳಗಿನ ಬ್ಲಾಕಿಗೆ ಬಿಗಿಯೋ ಹೆಡ್ ಬೋಲ್ಟ್ ಬದ್ಲು ಸ್ಟಡ್ (ತಲೆ ಇಲ್ಲದ, ಎರಡೂ ತುದೀಲಿ ಥ್ರೆಡ್ ಇರೋ ಸರಳು) ಹಾಕಿಸಿಬಿಟ್ರೆ, ಎರಡರ ನಡುವೆ ಸೋರದ ಹಾಗೆ ಕೂರೋ ಗ್ಯಾಸ್ಕೆಟ್ ಹೋಗೋ ಚಿಂತೆನೇ ಇರಲ್ಲ ಅಂತ ಅದ್ರಲ್ಲಿತ್ತು. ನಾನು ಬ್ಲಾಕ್ ಬೋರಿಂಗ್ (ಸಿಲಿಂಡರ್ ಕೊರೆಯೋದು), ಹೆಡ್ ಫೇಸಿಂಗ್ (ಹೆಡ್ಡಿನ ತಳ ಸಮ ಮಾಡೋದು) ಮಾಡೋ ಮೆಷಿನ್ ಶಾಪಿನವನು, ಊರಿನ ಗ್ಯಾರೇಜ್‌ಗಳಲ್ಲಿ ಬಿಚ್ಚಿದ ಇಂಜಿನ್‌ಗಳು ನಮ್ಮ ಟೇಬಲ್ ಮೇಲೇ ಬಂದು ಬೀಳೋದು, ಅದಕ್ಕೇ ಈ ಮಾತನ್ನ ಹಾಗೇ ಬಿಡೋಕೆ ಮನಸ್ಸು ಬರಲಿಲ್ಲ.

ಸ್ಟಡ್ ಒಳ್ಳೇದೇ, ಅದ್ರಲ್ಲಿ ಎರಡು ಮಾತಿಲ್ಲ. ಬೋಲ್ಟ್ ಟೈಟ್ ಮಾಡುವಾಗ ಅದು ಒಂದು ಕಡೆ ತಿರುಚ್ಕೊಳ್ಳುತ್ತೆ, ಇನ್ನೊಂದು ಕಡೆ ಉದ್ದಕ್ಕೆ ಎಳ್ಕೊಳ್ಳುತ್ತೆ, ಅಷ್ಟೂ ಹೊತ್ತು ಬ್ಲಾಕಿನ ಥ್ರೆಡ್‌ನಲ್ಲೇ ಉಜ್ಜಾಡ್ತಿರುತ್ತೆ. ಸ್ಟಡ್ ಆದ್ರೆ ಬ್ಲಾಕಿನೊಳಗೆ ಕೈಯಲ್ಲೇ ಕೂರಿಸಿ ಬಿಡೋದು, ತಿರುಗೋದು ಮೇಲಿನ ನಟ್ ಮಾತ್ರ, ಆ ಮೇಲಿನ ಥ್ರೆಡ್ಡೂ ಸಾಮಾನ್ಯವಾಗಿ ಫೈನ್ (ಒತ್ತೊತ್ತಾಗಿ) ಆಗಿರೋದ್ರಿಂದ ಎಳೆತ ನೇರವಾಗಿ, ಒಂದೇ ಸಮನಾಗಿ ಸಿಗುತ್ತೆ. ಅಲ್ಯೂಮಿನಿಯಂ ಬ್ಲಾಕ್ ಇದ್ರೆ, ಟರ್ಬೋ ಬೂಸ್ಟ್ ಜಾಸ್ತಿ ಮಾಡಿಸಿದ್ರೆ, ರೇಸ್ ರ್‍ಯಾಲಿ ಅಂತ ಪದೇ ಪದೇ ಹೆಡ್ ಇಳಿಸೋ ಗಾಡಿ ಆದ್ರೆ ನಾನೇ ಸ್ಟಡ್ ಹಾಕಿಸಿ ಅಂತ ಹೇಳ್ತೀನಿ. ಇದೇನು ಹೊಸ ವಿದ್ಯೆನೂ ಅಲ್ಲ, ನಮ್ಮ ಹಳೇ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್‌ನಲ್ಲಿ ಕಂಪನಿಯಿಂದಲೇ ಸ್ಟಡ್ಡು ನಟ್ಟು ಬರ್ತಿತ್ತು.

ಆದ್ರೆ ದಿನಾ ಮನೆಯಿಂದ ಆಫೀಸಿಗೆ ಓಡೋ ಕಾರಿಗೆ, ಬಾಡಿಗೆಗೆ ಓಡೋ ಗಾಡಿಗೆ ಗ್ಯಾಸ್ಕೆಟ್ ಹೋಗೋದು ಬೋಲ್ಟ್ ಇತ್ತು ಅನ್ನೋ ಕಾರಣಕ್ಕಲ್ಲ, ಎಷ್ಟೋ ಸಲ ಹಳೇ ಬೋಲ್ಟನ್ನೇ ಒರೆಸಿ ತಿರುಗಿ ಹಾಕಿದ್ದಕ್ಕೆ. ಈಗಿನ ಎಷ್ಟೋ ಇಂಜಿನ್‌ಗಳ ಹೆಡ್ ಬೋಲ್ಟ್ ಒಂದೇ ಸಲದ ಬಳಕೆಗೆ ಮಾಡಿರೋದು. ಮೊದ್ಲು ಇಷ್ಟು ಟಾರ್ಕ್ (ತಿರುಗಿಸೋ ಬಲ) ಅಂತ ಟೈಟ್ ಮಾಡಿ ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ ಅಂತ ಕೋನ ಲೆಕ್ಕದಲ್ಲಿ ತಿರುಗಿಸೋಕೆ ಹೇಳಿರ್ತಾರಲ್ಲ, ಅಂಥ ಬೋಲ್ಟ್ ಸಾಮಾನ್ಯವಾಗಿ ಬೇಕಂತಲೇ ಹಿಗ್ಗೋ ಹಾಗೆ ಮಾಡಿರ್ತಾರೆ, ಒಮ್ಮೆ ಹಿಗ್ಗಿದ್ದು ಹಳೇ ಇಲಾಸ್ಟಿಕ್ ಥರ, ವಾಪಸ್ ಮೊದಲಿನ ಅಳತೆಗೆ ಬರಲ್ಲ. ನಂಬಿಕೆ ಬರದಿದ್ರೆ ಹೊಸದೊಂದು ಬೋಲ್ಟ್ ಪಕ್ಕ ಇಟ್ಟು ವರ್ನಿಯರ್ ಹಿಡಿದು ನೋಡಿ, ಎಷ್ಟೋ ಹಳೇ ಬೋಲ್ಟ್ ಉದ್ದ ಜಾಸ್ತಿ ಆಗಿರುತ್ತೆ, ಥ್ರೆಡ್ ಶುರುವಾಗೋ ಜಾಗದಲ್ಲಿ ಕತ್ತು ಸಣ್ಣಗಾಗಿರೋದು ಬೆರಳಿಗೇ ಗೊತ್ತಾಗುತ್ತೆ. ಹೊಸ ಗ್ಯಾಸ್ಕೆಟ್, ಹೊಸ ಪಿಸ್ಟನ್, ಹೊಸ ರಿಂಗ್ ಅಂತ ಅಷ್ಟೆಲ್ಲಾ ಖರ್ಚು ಮಾಡಿಸಿ ಬೋಲ್ಟ್ ಸೆಟ್ಟಲ್ಲಿ ದುಡ್ಡು ಉಳಿಸೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಇನ್ನೊಂದು, ಬೋಲ್ಟ್ ಹೋಗೋ ತೂತು. ಬ್ಲಾಕ್ ತೊಳೆದ ಮೇಲೆ ತಳ ಮುಚ್ಚಿರೋ ತೂತುಗಳಲ್ಲಿ ಆಯಿಲ್ಲೋ ಕೂಲೆಂಟೋ ನಿಂತಿರುತ್ತೆ, ಅದನ್ನ ಏರ್ ಹೊಡೆದು ತೆಗೀದೆ ಬೋಲ್ಟ್ ಇಳಿಸಿದ್ರೆ ಕೆಳಗಿನ ದ್ರವಕ್ಕೆ ಹೋಗೋಕೆ ಜಾಗ ಇಲ್ಲ, ಟಾರ್ಕ್ ರೆಂಚ್ ಬಿಗಿ ಸಾಕು ಅಂತ ಟಕ್ ಅನ್ನುತ್ತೆ ಆದ್ರೆ ಹೆಡ್ ಮೇಲೆ ಒತ್ತಡ ಕೂತೇ ಇರಲ್ಲ, ಕೆಲವು ಸಲ ಬ್ಲಾಕೇ ಬಿರುಕು ಬಿಡುತ್ತೆ. ನಾವು ರೆಂಚಲ್ಲಿ ಕೊಡೋ ಬಲದಲ್ಲಿ ಬೋಲ್ಟನ್ನ ಎಳೆಯೋಕೆ ಸಿಗೋದು ಸುಮಾರು 10 ಪರ್ಸೆಂಟ್ ಅಷ್ಟೇ, ಮಿಕ್ಕಿದ್ದೆಲ್ಲ ತಲೆಯ ಕೆಳಗೆ, ಥ್ರೆಡ್‌ನಲ್ಲಿ ಉಜ್ಜಾಟಕ್ಕೇ ಹೋಗುತ್ತೆ, ಅಂದ್ಮೇಲೆ ತುಕ್ಕು, ಕೊಳೆ ಇದ್ರೆ ರೆಂಚ್ ತೋರಿಸೋ ನಂಬರ್‌ಗೆ ಏನು ಬೆಲೆ? ಇದು ಸ್ಟಡ್ಡಿಗೂ ಅಷ್ಟೇ ಅನ್ವಯ. ಸ್ಟಡ್ ಜೊತೆ ಬರೋ ಲೂಬ್ರಿಕೆಂಟ್ ಬಿಟ್ಟು ಇಂಜಿನ್ ಆಯಿಲ್ ಹಚ್ಚಿದ್ರೂ, ಸ್ಟಡ್ ತಯಾರಿಸಿದವರು ಕೊಟ್ಟ ಟಾರ್ಕ್ ಬಿಟ್ಟು ಗಾಡಿ ಮ್ಯಾನುಯಲ್‌ನ ಬೋಲ್ಟ್ ಟಾರ್ಕ್ ಕೊಟ್ರೂ ಲೆಕ್ಕ ತಪ್ಪುತ್ತೆ. ತೂತು ನೀರಿನ ಜಾಕೆಟ್‌ಗೆ (ಬ್ಲಾಕಿನೊಳಗೆ ಕೂಲೆಂಟ್ ಓಡಾಡೋ ಜಾಗ) ತೆರೆದಿದ್ರೆ ಥ್ರೆಡ್ಡಿಗೆ ಸೀಲಂಟ್ ಬೇಕೇ ಬೇಕು.

ಯೂಟ್ಯೂಬ್ ನೋಡಿ ಸ್ಟಡ್ ಕೇಳ್ಕೊಂಡು ಬರೋ ಹುಡುಗ್ರು ಅಮೆರಿಕದ ಫೋರ್ಡ್ ಪಿಕಪ್‌ಗಳ 6.0 ಲೀಟರ್ ಪವರ್‌ಸ್ಟ್ರೋಕ್ ಡೀಸೆಲ್ ಕಥೆ ಹೇಳ್ತಾರೆ, 2003ರ ಮಾಡೆಲ್‌ಗಳಲ್ಲಿ ಬಂದ ಇಂಜಿನ್ನು, ಅಲ್ಲಿ ಹೆಡ್ ಗ್ಯಾಸ್ಕೆಟ್ ರಿಪೇರಿ ಅಂದ್ರೆ ಎಆರ್‌ಪಿ ಅನ್ನೋ ಕಂಪನಿಯ ಸ್ಟಡ್ ಹಾಕೋದು ವಾಡಿಕೆನೇ ಆಗಿಹೋಗಿದೆ. ಆದ್ರೆ ಅದೇ ಇಂಜಿನ್‌ನಲ್ಲಿ ಆಯಿಲ್ ಕೂಲರ್ ಕಟ್ಟಿಕೊಂಡು, ಅದ್ರಿಂದ ಇಜಿಆರ್ ಕೂಲರ್‌ಗೆ (ಇಂಜಿನ್‌ಗೆ ವಾಪಸ್ ಹೋಗೋ ಹೊಗೇನ ತಣ್ಣಗೆ ಮಾಡೋದು) ಕೂಲೆಂಟ್ ಸಾಲದೆ ಅದು ಒಡೆಯೋದೂ ಅಷ್ಟೇ ಹೆಸರುವಾಸಿ ರೋಗ, ಆ ಕೂಲರ್‌ಗಳನ್ನ ನೋಡದೆ ಬರೀ ಸ್ಟಡ್ ಹಾಕಿದ್ರೆ ರೋಗ ಒಳಗೇ ಉಳೀತು. ನಮ್ಮಲ್ಲೂ ಹಾಗೇ, ರೇಡಿಯೇಟರ್ ಕಟ್ಟಿರುತ್ತೆ, ಥರ್ಮೋಸ್ಟಾಟ್ ಕಿತ್ತು ಬಿಸಾಕಿರ್ತಾರೆ, ಕೂಲೆಂಟ್ ಬದ್ಲು ಬೋರ್‌ವೆಲ್ ನೀರು ತುಂಬಿರ್ತಾರೆ, ಹೀಟಾಗಿ ಹೆಡ್ ಸೊಟ್ಟಗಾಗಿರುತ್ತೆ, ಫೇಸಿಂಗ್ ಮಾಡ್ಸಿ ಅಂದ್ರೆ ಬೇಡ, ಗ್ಯಾಸ್ಕೆಟ್ ಹಾಕಿ ಸ್ಟಡ್ಡಲ್ಲಿ ಎಳೆದುಬಿಡ್ತೀವಿ ಅಂತಾರೆ!

ಸ್ಟಡ್‌ಗೆ ಇನ್ನೊಂದು ತೊಂದರೆನೂ ಇದೆ, ಹೆಡ್ಡನ್ನ ಸ್ಟಡ್ ಉದ್ದಕ್ಕೂ ನೇರ ಮೇಲಕ್ಕೆ ಎತ್ತಬೇಕು, ಇಕ್ಕಟ್ಟಾದ ಬಾನೆಟ್ ಒಳಗೆ ಎಷ್ಟೋ ಗಾಡೀಲಿ ಅದು ಆಗಲ್ಲ, ಮುಂದೆ ಹೆಡ್ ತೆಗೀಬೇಕಾದ್ರೆ ಎರಡು ನಟ್ ಲಾಕ್ ಮಾಡಿ ಸ್ಟಡ್ಡನ್ನೇ ಬಿಚ್ಚಬೇಕು, ಇಲ್ಲಾ ಇಂಜಿನ್ನೇ ಇಳಿಸ್ಬೇಕು. ಆ ಮಜೂರಿ ಕೊಡೋನು ಗಿರಾಕಿನೇ.

ಹಾಗಾಗಿ ನನ್ನ ಕೋರಿಕೆ ಇಷ್ಟೇ, ಅದೇ ಪುಟದಲ್ಲಿ ಇದನ್ನೂ ಹಾಕಿ: ಗಾಡಿ ಗ್ಯಾರೇಜಿಗೆ ಬಿಡುವಾಗ ಹೊಸ ಹೆಡ್ ಬೋಲ್ಟ್ ಸೆಟ್ ಹಾಕ್ತೀರಾ ಅಂತ ಕೇಳಿ ಎಸ್ಟಿಮೇಟ್‌ನಲ್ಲಿ ಬರೆಸ್ಕೊಳ್ಳಿ, ಹಳೇ ಬೋಲ್ಟ್‌ಗಳನ್ನ ಹೊಸದರ ಖಾಲಿ ಪ್ಯಾಕೆಟ್ ಜೊತೆ ವಾಪಸ್ ಇಸ್ಕೊಳ್ಳಿ, ಹೆಡ್ ಫೇಸಿಂಗ್ ಮಾಡಿಸಿದ್ರೆ ಆ ಬಿಲ್ಲನ್ನೂ ಕೇಳಿ.

ಇಂತಿ,
ಹುಬ್ಬಳ್ಳಿಯ ಒಬ್ಬ ಮೆಷಿನ್ ಶಾಪ್ ಕೆಲಸಗಾರ