ಶನಿವಾರದ ಸಿನಿಮಾ: ‘ಶಾನ್ ಆಫ್ ದ ಡೆಡ್’

ಎಲ್ಲರಿಗೂ ನಮಸ್ಕಾರ 🙏

ಈ ಶನಿವಾರ ರಾತ್ರಿ 8ಕ್ಕೆ ನಮ್ಮ ಮನೆ ಮಹಡಿಯಲ್ಲಿ 2004ರ ಬ್ರಿಟಿಷ್ ಸಿನಿಮಾ ‘ಶಾನ್ ಆಫ್ ದ ಡೆಡ್’ ಹಾಕ್ತೀನಿ. ಎಡ್ಗರ್ ರೈಟ್ ನಿರ್ದೇಶನ, ಸೈಮನ್ ಪೆಗ್ ನಾಯಕ. ಜೋಂಬಿ (ಸತ್ತ ಮೇಲೂ ಎದ್ದು ಓಡಾಡುವ ಹೆಣ) ಸಿನಿಮಾಗಳನ್ನೇ ಗೇಲಿ ಮಾಡುವ ಕತೆ. ಲಂಡನ್ನಿನ ಶಾನ್ ನಿದ್ದೆಗಣ್ಣಲ್ಲಿ ಅಂಗಡಿಗೆ ಹೋಗ್ತಾನೆ. ಅಲ್ಲಿನ ಫ್ರಿಜ್ ಬಾಗಿಲ ಮೇಲೆ ರಕ್ತದ ಕೈಗುರುತು ಇದ್ದರೂ ಪುಣ್ಯಾತ್ಮನಿಗೆ ಕಾಣೋದೇ ಇಲ್ಲ! ಆಮೇಲೆ ಕೈಗೆ ಕ್ರಿಕೆಟ್ ಬ್ಯಾಟು ಬರುತ್ತೆ. ಕತೆ ಗೊತ್ತಿರುವವರು ದಯವಿಟ್ಟು ಬಾಯಿ ಬಿಡಬೇಡಿ.

ನಗು ಜಾಸ್ತಿ, ರಕ್ತವೂ ಇದೆ. ಬ್ರಿಟನ್ನಿನಲ್ಲಿ 15 ತುಂಬಿದವರಿಗೆ ಮಾತ್ರ. ಹಾಗಾಗಿ ಚಿಕ್ಕ ಮಕ್ಕಳನ್ನು ಕರೆತರಬೇಡಿ.

ಚಾಪೆ, ದಿಂಬು ನೀವೇ ತನ್ನಿ. ಚುರುಮುರಿ ನನ್ನದು. ಎಷ್ಟು ಮಾಡಬೇಕು ಅಂತ ಗೊತ್ತಾಗಬೇಕಲ್ವಾ? ಬರುವವರು ಗುರುವಾರದೊಳಗೆ ಇಲ್ಲೇ ಹೆಸರು ಹಾಕಿ.