ಮಗಳಿಗೊಂದು ಪತ್ರ: ಸಾರಂಗ, ಐದು ನಾಯಿ, ಒಂದು ಉಳಿ

ಚಿನ್ನು,

ನೀನು ಕಳಿಸಿದ, ಜರ್ಮನಿಯ ಚಿತ್ರಗಾರ ಆಲ್ಬ್ರೆಕ್ಟ್ ಡ್ಯೂರರನ 'ಸಂತ ಯೂಸ್ಟೇಸ್' ಚಿತ್ರವನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ ಕಣ್ಣು ಉರಿ ಬಂತು. ನಿಮ್ಮಮ್ಮ ಬೈದಳು.

ಚಿತ್ರದ ಕತೆ ತಿಳಿಯಿತು. ರೋಮಿನ ಟ್ರಾಜನ್ ಚಕ್ರವರ್ತಿಯ ದಂಡನಾಯಕ ಪ್ಲಾಸಿಡಸ್ ಬೇಟೆಗೆ ಹೋದವನು ಸಾರಂಗದ ಕೊಂಬುಗಳ ನಡುವೆ ಶಿಲುಬೆಯನ್ನು ಕಂಡು ಮಂಡಿಯೂರಿದ, ಸಂತ ಯೂಸ್ಟೇಸ್ ಆದ. ಮುಂದೆ ಹೊಳೆ ದಾಟುವಾಗ ಒಬ್ಬ ಮಗನನ್ನು ಸಿಂಹ, ಇನ್ನೊಬ್ಬನನ್ನು ತೋಳ ಹೊತ್ತೊಯ್ದವಂತೆ. ಹೊಳೆ ದಾಟುವಾಗ ಮಕ್ಕಳಿಬ್ಬರನ್ನೂ ಕಳೆದುಕೊಂಡ, ಬೌದ್ಧ ಕತೆಯ ಪಟಾಚಾರೆ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು.

ನನ್ನ ಕಣ್ಣು ಮಾತ್ರ ಗೆರೆಗಳ ಮೇಲೇ. ನಲವತ್ತು ವರ್ಷ ಪಾತ್ರೆ ಅಂಗಡಿ ಮುಂದೆ ಕೂತು ಚೊಂಬು, ತಟ್ಟೆಗಳ ಮೇಲೆ ಹೆಸರು ಹಾಕಿದವನು ಇನ್ನೇನು ನೋಡಿಯಾನು? 1501ರ ಸುಮಾರಿನ ತಾಮ್ರದ ತಗಡು, 35 ಸೆಂಟಿಮೀಟರ್ ಎತ್ತರ, ಡ್ಯೂರರನ ತಾಮ್ರದ ಕೆತ್ತನೆಗಳಲ್ಲೇ ದೊಡ್ಡದು. ನಾನು ಚಾಣವನ್ನು ಸುತ್ತಿಗೆಯಿಂದ ತಟ್ಟಿ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೂಡಿಸುತ್ತಿದ್ದೆ. ಅವನ ಉಳಿಗೆ ಸುತ್ತಿಗೆಯಿಲ್ಲ. ಅಂಗೈಯಿಂದ ಒತ್ತಿ ದೂಡಬೇಕು, ತಾಮ್ರ ಸುರುಳಿಯಾಗಿ ಏಳುತ್ತದೆ. ಆ ಗೀರುಗಳಲ್ಲಿ ಮಸಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದವಿಟ್ಟು ಯಂತ್ರದಲ್ಲಿ ಒತ್ತಬೇಕು. ಅಚ್ಚಿನಲ್ಲಿ ಎಡದ್ದು ಬಲಕ್ಕೆ ಹೋಗುತ್ತದಲ್ಲ, ಹಾಗಾಗಿ ಅವನ ಸಹಿಯ ಎರಡು ಇಂಗ್ಲಿಷ್ ಅಕ್ಷರಗಳಲ್ಲಿ 'ಎ'ಗೆ ತೊಂದರೆಯಿಲ್ಲ, 'ಡಿ'ಯನ್ನು ಉಲ್ಟಾ ಕೊರೆಯಬೇಕು. ನಾನು ನೇರ ಬರೆದೂ ಒಮ್ಮೆ 'ಶಾರದ'ಳನ್ನು 'ಶರಾದ' ಮಾಡಿ ಒಂದು ಡಜನ್ ಲೋಟದ ದುಡ್ಡು ತೆತ್ತವನು!

ಮುಂದಿರುವ ಐದು ನಾಯಿಗಳನ್ನು ನೋಡು. ನಮ್ಮ ಮುಧೋಳದ ನಾಯಿಗಳ ಹಾಗೆ ಒಳಸರಿದ ಹೊಟ್ಟೆ, ಉದ್ದ ಮೂತಿ. ಹಿಂದೆ ಪವಾಡ ನಡೆದಿದ್ದರೂ ಅವುಗಳ ಪಾಡಿಗೆ ಅವು ನಿಂತಿವೆ, ಮಲಗಿವೆ. ಕಲಾವಿದರ ಚರಿತ್ರೆ ಬರೆದ ಇಟಲಿಯ ವಸಾರಿ ಈ ನಾಯಿಗಳನ್ನೇ ಹೊಗಳಿದನೆಂದು ಬರೆದಿದ್ದೀಯ. ಸರಿಯಾಗೇ ಹೊಗಳಿದ್ದಾನೆ. ಅವುಗಳ ಮುಂದೆ ಸಾರಂಗ ಸಪ್ಪೆ.

ಡ್ಯೂರರನ ಅಪ್ಪ ನ್ಯೂರೆಂಬರ್ಗಿನ ಅಕ್ಕಸಾಲಿ ಅನ್ನುವುದನ್ನು ಮೊನ್ನೆ ಓದಿದೆ. ತನ್ನ ಕಸುಬು ಕಲಿತ ಮಗ ಚಿತ್ರ ಬರೆಯುತ್ತೇನೆ ಅಂದಾಗ, ಕಲಿಸಿದ ಕಾಲವೆಲ್ಲ ಹಾಳಾಯಿತೆಂದು ನೊಂದುಕೊಂಡನಂತೆ. ಆದರೂ 1486ರಲ್ಲಿ ತಾನೇ ಚಿತ್ರಗಾರನ ಬಳಿ ಬಿಟ್ಟ. ಮಗನೇ ಬರೆದಿಟ್ಟಿದ್ದಾನೆ. ನೀನು ಬಿ.ಕಾಂ. ಬಿಟ್ಟಾಗ ನಾನು ಮೂರು ದಿನ ನಿನ್ನ ಹತ್ತಿರ ಮಾತಾಡಿರಲಿಲ್ಲ, ಅಲ್ಲವಾ?

ಚಾಣಗಳಿಗೆ ಎಣ್ಣೆ ಹಚ್ಚಿ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ. ಯುಗಾದಿಗೆ ಬಂದಾಗ ತಗೊಂಡು ಹೋಗು. ಸಣ್ಣದರ ತುದಿ ಸ್ವಲ್ಪ ಮೊಂಡಾಗಿದೆ, ಸಾಣೆ ಹಿಡಿಸಬೇಕು.

ನಿನ್ನ ಅಪ್ಪ