ಬಲಗೈ ಮರಳಿ ಬಂದ ಸಂತೋಷಕ್ಕೆ ಕೆಲವು ಧನ್ಯವಾದಗಳು

ಕಳೆದ ಭಾನುವಾರ ಬೆಂಗಳೂರಿನ ಒಂದು ಸಣ್ಣ ಸಭಾಂಗಣದಲ್ಲಿ, ಎಷ್ಟೋ ಕಾಲದ ಮೇಲೆ, ಎರಡೂ ಕೈಯಿಂದ ಪಿಯಾನೊ ನುಡಿಸಿದೆ. ಬಂದವರಿಗೆಲ್ಲ ಅಲ್ಲೇ ನಾಲ್ಕು ಮಾತು ಹೇಳಬೇಕಿತ್ತು. ಗಂಟಲು ಕಟ್ಟಿತ್ತು, ಆಗಲಿಲ್ಲ. ಅದಕ್ಕೇ ಈ ಬರಹ.

ಕೈಗೆ ಏನಾಗಿತ್ತು ಅಂತ ತುಂಬಾ ಜನ ಕೇಳಿದ್ದೀರಿ. ಅದರ ಹೆಸರು ಫೋಕಲ್ ಡಿಸ್ಟೋನಿಯಾ. ನೋವಿಲ್ಲ, ಊತವಿಲ್ಲ. ಚಪಾತಿ ಲಟ್ಟಿಸಬಹುದು, ಪೆನ್ನು ಹಿಡಿಯಬಹುದು, ಸ್ಕೂಟರ್ ಓಡಿಸಬಹುದು. ಪಿಯಾನೊ ಮೇಲೆ ಕೈ ಇಟ್ಟರೆ ಮಾತ್ರ ಕಿರುಬೆರಳು, ಉಂಗುರದ ಬೆರಳು ಎರಡೂ ತಾವಾಗಿಯೇ ಅಂಗೈಯೊಳಕ್ಕೆ ಮಡಚಿಕೊಳ್ಳುತ್ತಿದ್ದವು. ನನ್ನ ಹತ್ತಿರ ಹೊಸದಾಗಿ ಸೇರಿದ ಮಕ್ಕಳು ನುಡಿಸುವ ಸ್ಕೇಲ್ ಕೂಡ ನನಗೆ ಬರುತ್ತಿರಲಿಲ್ಲ. ತೊಂದರೆ ಬೆರಳಲ್ಲಿಲ್ಲ, ಮಿದುಳಿನಿಂದ ಬೆರಳಿಗೆ ಹೋಗುವ ಸೂಚನೆಯೇ ಎಡವಟ್ಟಾಗಿದೆ ಅಂತ ತಿಳಿಯುವ ಹೊತ್ತಿಗೆ ಬಹಳ ಕಾಲ ಕಳೆದಿತ್ತು. ಮೊದಲು ತೋರಿಸಿದ ಕಡೆ, ಏನೂ ಇಲ್ಲ, ರೆಸ್ಟ್ ತಗೊಳ್ಳಿ ಅಂತ ಕಳಿಸಿದ್ದರು.

ಹಾಗಾಗಿ ಮೊದಲ ನಮಸ್ಕಾರ ನನ್ನ ನರರೋಗ ತಜ್ಞೆಗೆ. ಬರೀ ಕೈ ನೋಡಿದರೆ ಗೊತ್ತಾಗಲ್ಲ, ಮನೆಯಿಂದ ಕೀಬೋರ್ಡ್ ತನ್ನಿ ಅಂದವರು ಅವರೊಬ್ಬರೇ. ತಮ್ಮ ಮೇಜಿನ ಮೇಲಿದ್ದ ಫೈಲುಗಳನ್ನೆಲ್ಲ ಸರಿಸಿ, ಅದನ್ನು ಅಲ್ಲೇ ಇಡಿಸಿ, ನಾನು ನುಡಿಸುವುದನ್ನು ಬಗ್ಗಿ ನೋಡಿದರು.

ಎರಡನೆಯ ನಮಸ್ಕಾರ ನಾನು ಎಂದೂ ಭೇಟಿಯಾಗದ ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಷರ್ ಅವರಿಗೆ. ನಿರ್ದೇಶಕ ಜಾರ್ಜ್ ಸೆಲ್ ಮತ್ತು ಅವರ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ ಜೊತೆ ಅವರು ನುಡಿಸಿದ ಬೀಥೋವನ್, ಬ್ರಾಮ್ಸ್ ಕಾನ್ಸರ್ಟೊಗಳನ್ನು (ಒಂಟಿ ವಾದ್ಯ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿಗಳು) ಕೇಳಿಕೊಂಡೇ ಬೆಳೆದವಳು ನಾನು. ಅವರ ಕೈಯ ಕಥೆ ಮಾತ್ರ ಅರ್ಧಂಬರ್ಧ ಗೊತ್ತಿತ್ತು.

1928ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದವರು. ಒಂಬತ್ತರ ವಯಸ್ಸಿಗೇ ಹೆಸರಾಂತ ಪಿಯಾನೊ ವಾದಕ ಆರ್ಟುರ್ ಶ್ನಾಬೆಲ್ ಅವರ ಶಿಷ್ಯ. ಶ್ನಾಬೆಲ್ ಅವರ ಗುರು ಲೆಷೆಟಿಟ್ಸ್ಕಿ, ಅವರ ಗುರು ಚೆರ್ನಿ, ಚೆರ್ನಿಯ ಗುರು ಸಾಕ್ಷಾತ್ ಬೀಥೋವನ್! ಹದಿನಾರಕ್ಕೆ ಕಾರ್ನೆಗಿ ಹಾಲ್‌ನಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ಕಛೇರಿ. 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆ ಗೆದ್ದ ಮೊದಲ ಅಮೆರಿಕನ್. 1964ರ ಹೊತ್ತಿಗೆ, ಮೂವತ್ತಾರರ ವಯಸ್ಸಿನಲ್ಲಿ, ಅವರ ಬಲಗೈಯ ಇದೇ ಎರಡು ಬೆರಳು ಮಡಚಿಕೊಳ್ಳತೊಡಗಿದವು. ಇದು ಏನು ಅಂತ ಹೇಳಬಲ್ಲ ಡಾಕ್ಟರು ಆಗ ಅವರಿಗೆ ಸಿಗಲಿಲ್ಲ. ಸಾಯುವ ಯೋಚನೆಯೂ ಬಂದಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ.

ಅವರು ಎಡಗೈಯ ಕೃತಿಗಳ ಕಡೆ ತಿರುಗಿದರು. ಮೊದಲ ಮಹಾಯುದ್ಧದಲ್ಲಿ ಬಲತೋಳು ಕಳೆದುಕೊಂಡ ಪಿಯಾನೊ ವಾದಕ ಪಾಲ್ ವಿಟ್‌ಗೆನ್‌ಸ್ಟೈನ್‌ಗಾಗಿ ಫ್ರೆಂಚ್ ಸಂಗೀತ ರಚನಕಾರ ರಾವೆಲ್ ಬರೆದ ಎಡಗೈ ಕಾನ್ಸರ್ಟೊ ಅವರ ಕೈಯಲ್ಲಿ ಮತ್ತೆ ಮತ್ತೆ ಮೊಳಗಿತು. ಬಾಖ್‌ನ ಚಾಕೋನ್ ಎಂಬ ಕೃತಿಯನ್ನೂ ನುಡಿಸಿದರು. ಮೂಲತಃ ಅದು ಒಂಟಿ ಪಿಟೀಲಿಗೆ ಬರೆದದ್ದು. 1877ರಲ್ಲಿ ಬ್ರಾಮ್ಸ್ ಅದನ್ನು ಎಡಗೈ ಪಿಯಾನೊಗೆ ಹೊಂದಿಸಿ ತಮ್ಮ ಗೆಳತಿ, ಪಿಯಾನೊ ವಾದಕಿ ಕ್ಲಾರಾ ಶೂಮನ್‌ಗೆ ಕಳಿಸಿಕೊಟ್ಟರು. ಆ ಹೊತ್ತಿಗೇ ಕ್ಲಾರಾ ಡ್ರಾಯರ್ ಎಳೆಯಲು ಹೋಗಿ ಬಲಗೈ ಉಳುಕಿಸಿಕೊಂಡಿದ್ದರಂತೆ. ಬ್ರಾಮ್ಸ್‌ಗೆ ಅದು ಗೊತ್ತೇ ಇರಲಿಲ್ಲ!

ನನ್ನನ್ನು ಉಳಿಸಿದ್ದು ಈ ಚಾಕೋನ್. ಕೆಳಗಿನ ಸ್ವರ ಒತ್ತಿ, ಪೆಡಲ್‌ನಲ್ಲಿ ಹಿಡಿದಿಟ್ಟು, ಅದು ಆರುವ ಮೊದಲೇ ಅದೇ ಕೈ ಮೇಲಿನ ಸ್ವರಕ್ಕೆ ಹಾರಬೇಕು. ರಾಗವನ್ನು ಹೆಚ್ಚಾಗಿ ಹೆಬ್ಬೆರಳೇ ಹಾಡಬೇಕು. ಬಲಗೈ ಸುಮ್ನೆ ತೊಡೆಯ ಮೇಲೆ ಕೂತಿರುತ್ತಿತ್ತು. ಆದರೂ ಅದು ಪೂರ್ತಿ ಸಂಗೀತ, ಅರ್ಧದ್ದಲ್ಲ.

ಫ್ಲೈಷರ್ 1959ರಿಂದ ಬಾಲ್ಟಿಮೋರ್‌ನ ಪೀಬಾಡಿ ಸಂಗೀತಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಕೈ ಹೋದ ಮೇಲೆ, ನುಡಿಸಿ ತೋರಿಸುವ ಬದಲು ಮಾತಿನಲ್ಲೇ ಹೇಳುವುದನ್ನು ಕಲಿಯಬೇಕಾಯಿತು. ಅದರಿಂದ ತಾವು ಇನ್ನೂ ಒಳ್ಳೆಯ ಮೇಷ್ಟ್ರಾದೆ ಅನ್ನುವುದು ಅವರ ನಂಬಿಕೆ. ಆ ಧೈರ್ಯದ ಮೇಲೇ ನಾನೂ ಕ್ಲಾಸ್ ನಿಲ್ಲಿಸಲಿಲ್ಲ. ಟೀಚರ್‌ಗೇ ನುಡಿಸಲು ಬರಲ್ಲ ಅಂತ ಮಕ್ಕಳನ್ನು ಬಿಡಿಸದ ಪೋಷಕರೇ, ನಿಮ್ಮ ಋಣ ದೊಡ್ಡದು. ಒಬ್ಬ ಪುಟ್ಟ ಹುಡುಗಿ, "ಮಿಸ್, ನೀವು ಎಡಗೈದು ನುಡಿಸಿ, ಬಲಗೈದು ನಾನು ನುಡಿಸ್ತೀನಿ" ಅಂದಳು. ಆಮೇಲೆ ಪ್ರತಿ ಕ್ಲಾಸ್ ಕೊನೆಗೂ ಹಾಗೇ ನುಡಿಸಿದೆವು. ಆ ಮಗುವಿಗೆ ಏನು ಹೇಳಿದರೂ ಕಡಿಮೆಯೇ.

ನಮ್ಮ ಅತ್ತೆಯವರಿಗೆ ಪಾಶ್ಚಾತ್ಯ ಸಂಗೀತ ಅಷ್ಟೇನೂ ಹಿಡಿಸದು. ಆದರೂ ನಾನು ಅಭ್ಯಾಸಕ್ಕೆ ಕೂತಾಗ ಟಿವಿ ಆಫ್ ಮಾಡಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕುಕ್ಕರ್ ಕೂಡ ಇಡದೆ ಕಾದರು. ಯಜಮಾನರು ಪ್ರತಿ ಚಿಕಿತ್ಸೆಗೂ ರಜೆ ಹಾಕಿ ಜೊತೆಗೆ ಬಂದರು. ಅತ್ತೆ, ನಿಮಗೂ ಅವರಿಗೂ ಇದನ್ನೆಲ್ಲ ಎದುರಿಗೆ ಹೇಳಲು ಸಂಕೋಚ, ಇಲ್ಲಿ ಹೇಳುತ್ತಿದ್ದೇನೆ.

ಫ್ಲೈಷರ್ ಅವರಿಗೆ ಕೊನೆಗೆ ದಾರಿ ಸಿಕ್ಕಿದ್ದು 1990ರ ದಶಕದಲ್ಲಿ, ಬೊಟಾಕ್ಸ್ ಮತ್ತು ಆಳವಾದ ಮಸಾಜಿನಿಂದ. ಬೊಟಾಕ್ಸ್ ಬಿಗಿಯುವ ಸ್ನಾಯುವನ್ನು ಸ್ವಲ್ಪ ಸಡಿಲ ಮಾಡುತ್ತದೆ, ಅಷ್ಟೇ. ಸುಮಾರು ನಾಲ್ಕು ದಶಕದ ನಂತರ, 2004ರಲ್ಲಿ, ಎರಡೂ ಕೈಯಲ್ಲಿ ನುಡಿಸಿದ ಅವರ ಆಲ್ಬಂ ಬಂತು. ಅದರಲ್ಲಿ ಶುಬರ್ಟ್‌ನ ಕೊನೆಯ ಸೊನಾಟಾ ಇದೆ. ದಯವಿಟ್ಟು ಒಮ್ಮೆ ಕೇಳಿ. 2020ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವರಿಗೆ 92. ತಮಗೆ ಪೂರ್ತಿ ವಾಸಿಯಾಗಿದೆ ಅಂತ ಅವರು ಎಂದೂ ಹೇಳಿಕೊಳ್ಳಲಿಲ್ಲ. ಅವರ ಮೇಲೆ ನನಗೆ ಜಾಸ್ತಿ ಗೌರವ ಹುಟ್ಟಿದ್ದು ಅದರಿಂದಲೇ. ನಮ್ಮಂಥವರಿಗೆ ಸುಳ್ಳು ಆಸೆ ಹುಟ್ಟಿಸಲಿಲ್ಲ.

ನನ್ನದೂ ವಾಸಿಯಾದ ಕಾಯಿಲೆಯಲ್ಲ. ನನಗೂ ಕೊಡುವ ಬೊಟಾಕ್ಸ್ ಇಂಜೆಕ್ಷನ್‌ನ ಪ್ರಭಾವ ಕೆಲವು ತಿಂಗಳು ಇರುತ್ತದೆ, ಮತ್ತೆ ಹಾಕಿಸಬೇಕು. ಆ ವಾರ ಕ್ಲಾಸ್ ಇರುವುದಿಲ್ಲ, ಪೋಷಕರಿಗೆಲ್ಲ ಮೊದಲೇ ಮೆಸೇಜ್ ಹಾಕುತ್ತೇನೆ. ಉಳಿದಂತೆ ಮುಂದಿನ ತಿಂಗಳಿಂದ ಶನಿವಾರದ ಕ್ಲಾಸೂ ಮತ್ತೆ ಶುರು.